ಮಗುವಿನ ತಲೆ ಕೆಳಗಿದೆ, ಆದರೆ ಹಿಂದಲೆ ತಾಯಿಯ ಬೆನ್ನಿನ ಕಡೆಗಿದೆ: ಹೆರಿಗೆ ಕಷ್ಟವಾಗುತ್ತದೆಯೇ?

ತರಗತಿ_ಮೇಡಂ

ಗರ್ಭಿಣಿಯರ ತರಗತಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಮಗು ಹೊಟ್ಟೆಯೊಳಗೆ ಯಾವ ಭಂಗಿಯಲ್ಲಿದೆ, ಅದರಿಂದ ಹೆರಿಗೆಗೆ ಏನಾಗುತ್ತದೆ ಎಂಬ ಭಾಗಕ್ಕೆ ನಿಮ್ಮೆಲ್ಲರ ಸಹಾಯ ಬೇಕು.

ಚೊಚ್ಚಲು ಬಸುರಿಯರು 36ನೇ ವಾರದ ಸ್ಕ್ಯಾನ್ ರಿಪೋರ್ಟ್ ಹಿಡಿದು ಬರುತ್ತಾರೆ. ಅದರಲ್ಲಿ "ಸೆಫಾಲಿಕ್, ಆಕ್ಸಿಪಟ್ ಪೋಸ್ಟೀರಿಯರ್, ಬೆನ್ನು ಬಲಕ್ಕೆ" ಎಂದಿರುತ್ತದೆ. ತಲೆ ಕೆಳಗಿದೆ ಎಂಬ ಸಮಾಧಾನ ಎರಡು ದಿನವೂ ಉಳಿಯುವುದಿಲ್ಲ. ಅಷ್ಟರಲ್ಲಿ ಯಾರೋ "ಹಿಮ್ಮುಖ ಮಗು, ಸಿಸೇರಿಯನ್ ಗ್ಯಾರಂಟಿ" ಅಂದಿರುತ್ತಾರೆ. ಇನ್ಯಾರೋ ದಿನಾ ನೆಲ ಒರೆಸಿದರೆ ತಿರುಗುತ್ತದೆ ಅಂದಿರುತ್ತಾರೆ. ಎರಡನ್ನೂ ನಂಬಿ ಹೆದರಿಕೊಂಡೇ ತರಗತಿಯಲ್ಲಿ ಕೂರುತ್ತಾರೆ.

ನನ್ನ ಪ್ರಶ್ನೆಗಳು: 36 ವಾರಕ್ಕೆ ಕಂಡ ಭಂಗಿ ಹೆರಿಗೆ ದಿನಕ್ಕೂ ಹಾಗೇ ಇರುತ್ತದೆಯೇ? ಹಿಂದಲೆ ಹಿಂದಿದ್ದರೆ ಹೆರಿಗೆ ಎಳೆಯುವುದು ಯಾಕೆ? ದಯವಿಟ್ಟು ಸೆಂಟಿಮೀಟರ್ ಲೆಕ್ಕದಲ್ಲೇ ಹೇಳಿ, ತರಗತಿಯಲ್ಲಿ ಗೊಂಬೆ ಮತ್ತು ಪೆಲ್ವಿಸ್ (ಸೊಂಟದ ಮೂಳೆಗೂಡು) ಮಾದರಿ ಇಟ್ಟು ತೋರಿಸಬೇಕು. ವ್ಯಾಯಾಮದಿಂದ ಮಗು ತಿರುಗುತ್ತದೆಯೇ? ನೋವು ಶುರುವಾದ ಮೇಲೆ ಏನು ಮಾಡಬಹುದು, ಎಲ್ಲಿಯವರೆಗೆ ಕಾಯಬಹುದು?

ಪಾರ್ಟೋಗ್ರಾಫ್

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಸೆಫಾಲಿಕ್ ಅಂದರೆ ತಲೆ ಕೆಳಗೆ. ಆಕ್ಸಿಪಟ್ ಅಂದರೆ ಹಿಂದಲೆ. ಅದು ತಾಯಿಯ ಹೊಟ್ಟೆಯ ಕಡೆಗಿದ್ದರೆ ಆಂಟೀರಿಯರ್, ಬೆನ್ನಿನ ಕಡೆಗಿದ್ದರೆ ಪೋಸ್ಟೀರಿಯರ್, ಪಕ್ಕಕ್ಕಿದ್ದರೆ ಟ್ರಾನ್ಸ್‌ವರ್ಸ್. ಈ ಕೊನೆಯದನ್ನು "ಅಡ್ಡ ಮಗು" ಅಂದುಕೊಳ್ಳಬೇಡಿ. ಅಡ್ಡ ಮಗು ಬೇರೆ, ಅಲ್ಲಿ ಇಡೀ ಮೈಯೇ ಅಡ್ಡಲಾಗಿರುತ್ತದೆ. ಇಲ್ಲಿ ಪಕ್ಕಕ್ಕೆ ತಿರುಗಿರುವುದು ತಲೆ ಮಾತ್ರ, ಅದೂ ಸಹಜವಾಗಿಯೇ.

36ನೇ ವಾರದ ರಿಪೋರ್ಟು ಆ ಕ್ಷಣದ ಫೋಟೊ. ಮಗು ಗಂಟೆಗಂಟೆಗೂ ಬಲಕ್ಕೆ, ಎಡಕ್ಕೆ, ಹಿಂದಕ್ಕೆ ಹೊರಳುತ್ತಲೇ ಇರುತ್ತದೆ. ನೋವು ಶುರುವಾಗುವಾಗ ನೂರರಲ್ಲಿ ಸುಮಾರು 15ರಿಂದ 30 ಮಕ್ಕಳು ಪೋಸ್ಟೀರಿಯರ್ ಆಗಿಯೇ ಇರುತ್ತವೆ. ಹುಟ್ಟುವಾಗ ಹಾಗೇ ಉಳಿಯುವುದು 5ರಿಂದ 8 ಮಾತ್ರ. ಅಂದರೆ ಬಹುಪಾಲು ಮಕ್ಕಳು ನೋವು ನಡೆಯುತ್ತಿರುವಾಗಲೇ ತಿರುಗಿಕೊಳ್ಳುತ್ತವೆ. ಇನ್ನೊಂದು ವಿಷಯ ಕೈಪಿಡಿಯಲ್ಲಿ ತಪ್ಪದೆ ಹಾಕಿ: ಪೋಸ್ಟೀರಿಯರ್ ಆಗಿ ಹುಟ್ಟುವ ಮಕ್ಕಳಲ್ಲಿ ಹಲವು, ನೋವು ಶುರುವಾದಾಗ ಆಂಟೀರಿಯರ್ ಅಥವಾ ಟ್ರಾನ್ಸ್‌ವರ್ಸ್ ಆಗಿದ್ದಂಥವು, ಕೆಳಗಿಳಿಯುತ್ತಾ ಹಿಂದಕ್ಕೆ ತಿರುಗಿದಂಥವು. ಹಾಗಾಗಿ "ನೆಟ್ಟಗಿದೆ" ಎಂಬ ರಿಪೋರ್ಟೂ ಭರವಸೆಯ ಚೀಟಿಯಲ್ಲ, "ಹಿಮ್ಮುಖ" ಎಂಬ ರಿಪೋರ್ಟೂ ತೀರ್ಪಲ್ಲ.

ಈಗ ಸೆಂಟಿಮೀಟರ್.

ಪೆಲ್ವಿಸ್ ಒಂದೇ ಅಳತೆಯ ಕೊಳವೆಯಲ್ಲ. ಮೇಲಿನ ಬಾಯಿ ಅಡ್ಡಕ್ಕೆ ಅಗಲ: ಪಕ್ಕದಿಂದ ಪಕ್ಕಕ್ಕೆ ಸುಮಾರು 13, ಮುಂದಿನಿಂದ ಹಿಂದಕ್ಕೆ ಸುಮಾರು 11. ಕೆಳಗಿನ ಬಾಯಿ ಇದಕ್ಕೆ ತದ್ವಿರುದ್ಧ: ಬಾಲದ ಮೂಳೆ ಹಿಂದೆ ಸರಿದಾಗ ಮುಂದಿನಿಂದ ಹಿಂದಕ್ಕೆ ಸುಮಾರು 13, ಅಡ್ಡಕ್ಕೆ 11. ನಡುವೆ ಎರಡೂ ಪಕ್ಕದಿಂದ ಒಳಕ್ಕೆ ಚಾಚಿರುವ ಇಶ್ಚಿಯಲ್ ಸ್ಪೈನ್‌ಗಳ ಮಧ್ಯೆ 10, 10.5 ಮಾತ್ರ. ಅದೇ ದಾರಿಯ ಅತಿ ಇಕ್ಕಟ್ಟಿನ ಜಾಗ. ಆದ್ದರಿಂದ ತಲೆ ಸಾಮಾನ್ಯವಾಗಿ ಪಕ್ಕಕ್ಕೆ ಅಥವಾ ಓರೆಯಾಗಿ ಮುಖ ಮಾಡಿ ಒಳಗೆ ಬರಬೇಕು, ಕೆಳಗೆ ಬಂದಂತೆ ತಿರುಗಬೇಕು. ತಿರುಗುವುದು ಎಲ್ಲ ಮಕ್ಕಳಿಗೂ ಇರುವ ಕೆಲಸವೇ.

ತಲೆಯೂ ದುಂಡಗಿಲ್ಲ, ಮೊಟ್ಟೆಯಾಕಾರ. ಗದ್ದ ಎದೆಗೆ ಒತ್ತಿಕೊಂಡಿದ್ದರೆ ಮೊಟ್ಟೆಯ ಚೂಪು ತುದಿ ಮೊದಲು ಬರುತ್ತದೆ. ಆಗ ದಾಟಬೇಕಾದ ಅಳತೆ 9.5 ಸೆಂ.ಮೀ. ಗದ್ದ ಸ್ವಲ್ಪ ಎತ್ತಿ ಮಿಲಿಟರಿಯವರ ಹಾಗೆ ನೇರ ನೋಡಿದರೆ ಅದು 11.5 ಆಗುತ್ತದೆ. ಇನ್ನೂ ಎತ್ತಿ ಹಣೆ ಮುಂದಾದರೆ 13.5. ಪೂರ್ತಿ ಹಿಂದಕ್ಕೆ ಬಾಗಿ ಮುಖವೇ ಮೊದಲು ಬಂದರೆ ಮತ್ತೆ 9.5. ಹಾಗಾಗಿಯೇ ಮುಖ ಮೊದಲು ಬರುವ ಮಗು, ಗದ್ದ ತಾಯಿಯ ಮುಂಭಾಗಕ್ಕಿದ್ದರೆ, ಸಹಜವಾಗಿ ಹುಟ್ಟಬಲ್ಲದು. ಗದ್ದ ಹಿಂಭಾಗಕ್ಕೇ ನಿಂತುಬಿಟ್ಟರೆ ಆಗದು, ಕತ್ತು ಇನ್ನೂ ಹಿಂದಕ್ಕೆ ಬಾಗಲು ಜಾಗವಿಲ್ಲ. ಹಣೆ ಮೊದಲು ಬಂದು ಹಾಗೇ ಉಳಿದರೆ ಪೂರ್ಣ ಬೆಳೆದ ಮಗುವಿಗೆ ದಾರಿಯೇ ಇಲ್ಲ.

ಪೋಸ್ಟೀರಿಯರ್‌ನಲ್ಲಿ ತೊಡಕಿನ ಮೂಲ ಇಲ್ಲಿದೆ. ತಾಯಿಯ ಸೊಂಟದ ಬೆನ್ನೆಲುಬು ಮುಂದಕ್ಕೆ ಉಬ್ಬಿರುತ್ತದೆ. ಮಗುವಿನ ಬೆನ್ನು ಆ ಉಬ್ಬಿನ ಮೇಲೆ ಬಿದ್ದರೆ ಅದು ನೆಟ್ಟಗಾಗುತ್ತದೆ, ಗದ್ದ ಮೇಲೇಳುತ್ತದೆ. ಒಂದು ಗೊಂಬೆಯ ಬೆನ್ನನ್ನು ಚೆಂಡಿನ ಮೇಲೆ ಮಲಗಿಸಿ ತೋರಿಸಿ, ಬೇರೆ ವಿವರಣೆಯೇ ಬೇಡ. 9.5 ಇದ್ದದ್ದು 11.5 ಆಗುವುದು ಆ ಎರಡು ಬೆರಳಗಲದ ಗದ್ದದಿಂದ.

ಪೆಲ್ವಿಸ್ ತಳದ ಸ್ನಾಯು ಇಳಿಜಾರಿನ ಜೋಳಿಗೆಯಂತಿದೆ. ತಲೆಯ ಯಾವ ಭಾಗ ಅದಕ್ಕೆ ಮೊದಲು ತಗಲುತ್ತದೋ ಆ ಭಾಗ ಮುಂದಕ್ಕೆ ಜಾರುತ್ತದೆ. ಗದ್ದ ಒತ್ತಿಕೊಂಡಿದ್ದರೆ ಹಿಂದಲೆ ಮೊದಲು ತಗಲಿ, 135 ಡಿಗ್ರಿಯಷ್ಟು ದೂರವಾದರೂ ಸುತ್ತಿ ಮುಂದಕ್ಕೆ ಬರುತ್ತದೆ. ಓರೆಯಾಗಿ ಆಂಟೀರಿಯರ್ ಇದ್ದ ಮಗು ಸುತ್ತಬೇಕಾದದ್ದು 45 ಡಿಗ್ರಿ ಮಾತ್ರ. ಹೆಚ್ಚು ಸುತ್ತಲು ಹೆಚ್ಚು ಹೊತ್ತು ಬೇಕು, ಒಳ್ಳೆಯ ನೋವೂ ಬೇಕು. ಗದ್ದ ಎತ್ತಿದ್ದರೆ ಹಣೆಯ ಕಡೆಯ ಭಾಗ ಮೊದಲು ತಗಲಿ ಅದೇ ಮುಂದೆ ಬರುತ್ತದೆ, ಹಿಂದಲೆ ಬೆನ್ನಿನ ಬುಡಕ್ಕೆ ಹೋಗುತ್ತದೆ. ಆಗ ಮಗು ಆಕಾಶ ನೋಡುತ್ತಾ ಹುಟ್ಟುತ್ತದೆ. ಅರ್ಧ ಸುತ್ತಿ ಸ್ಪೈನ್‌ಗಳ ಇಕ್ಕಟ್ಟಿನಲ್ಲಿ ಪಕ್ಕಕ್ಕೇ ನಿಂತುಬಿಟ್ಟರೆ ಅದು ಡೀಪ್ ಟ್ರಾನ್ಸ್‌ವರ್ಸ್ ಅರೆಸ್ಟ್.

ಇದಕ್ಕೇ ನಾನು ಹೇಳುವುದು: ರಿಪೋರ್ಟಿನಲ್ಲಿ ಬೆನ್ನು ಎಲ್ಲಿದೆ ಎನ್ನುವುದಕ್ಕಿಂತ, ನೋವಿನ ಸಮಯದಲ್ಲಿ ಗದ್ದ ಎಲ್ಲಿದೆ ಎನ್ನುವುದು ದೊಡ್ಡ ಪ್ರಶ್ನೆ.

ವ್ಯಾಯಾಮದ ಬಗ್ಗೆ. 2004ರಲ್ಲಿ ಆಸ್ಟ್ರೇಲಿಯಾದಿಂದ 2547 ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿನವರು 37ನೇ ವಾರದಿಂದ ದಿನಕ್ಕೆರಡು ಸಲ 10 ನಿಮಿಷ ಕೈ-ಮಂಡಿಯೂರಿ ಸೊಂಟ ಆಡಿಸಿದರು, ಇನ್ನೊಂದು ಗುಂಪಿನವರು ದಿನಾ ನಡೆದರು. ಹುಟ್ಟುವಾಗ ಪೋಸ್ಟೀರಿಯರ್ ಆಗಿದ್ದ ಮಕ್ಕಳು ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಟು. ಬೆನ್ನಿಗೆ ಹಿತವೆನಿಸಿದರೆ ಮಾಡಲಿ, ಕೆಡುಕಿಲ್ಲ. ಆದರೆ ಮಾಡದವಳ ತಲೆ ಮೇಲೆ "ನೀನು ಮಾಡಲಿಲ್ಲ, ಅದಕ್ಕೇ ತಿರುಗಲಿಲ್ಲ" ಎಂಬ ಅಪವಾದ ಹೊರಿಸುವುದು ಅನ್ಯಾಯ. ಮಾಸು ಮುಂಗೋಡೆಗೆ ಅಂಟಿರುವುದು, ಪೆಲ್ವಿಸ್ ಹಿಂದೆ ಅಗಲವಾಗಿ ಮುಂದೆ ಕಿರಿದಾಗಿರುವುದು ಇವೆಲ್ಲ ಅವಳ ಕೈಯಲ್ಲಿಲ್ಲ.

ಸ್ಕ್ಯಾನ್_ಕೋಣೆ

ಮೇಲಿನದಕ್ಕೆ ಪೂರಕವಾಗಿ. ಹೊಟ್ಟೆ ನೋಡಿಯೇ ಅನುಮಾನ ಪಡಬಹುದು: ಪೋಸ್ಟೀರಿಯರ್ ಆಗಿದ್ದರೆ ಹೊಕ್ಕುಳಿನ ಆಸುಪಾಸು ಬಟ್ಟಲಿನಂತೆ ತಗ್ಗಾಗಿರುತ್ತದೆ, ಮಗುವಿನ ಕೈಕಾಲು ಹೊಟ್ಟೆಯ ನಡುವೆಯೇ ಕೈಗೆ ಸಿಗುತ್ತವೆ, ಬೆನ್ನು ಸಿಗುವುದೇ ಕಷ್ಟ, ಎದೆಬಡಿತ ಪಕ್ಕೆಯ ಕಡೆ ಹೆಚ್ಚು ಸ್ಪಷ್ಟ. ಆದರೆ ಇದು ಅನುಮಾನ ಮಾತ್ರ. ನೋವಿನ ಕೊನೆಯ ಹಂತದಲ್ಲಿ ತಲೆಯ ಮೇಲೆ ಊತ ಬಂದಿದ್ದರೆ ಬೆರಳಿನ ಪರೀಕ್ಷೆಯೂ ಮೋಸ ಮಾಡುತ್ತದೆ. ಪ್ಯೂಬಿಕ್ ಮೂಳೆಯ (ಹೊಟ್ಟೆಯ ಕೆಳತುದಿಯಲ್ಲಿ ಮುಂದೆ ಸಿಗುವ ಮೂಳೆ) ಮೇಲ್ಗಡೆ ಸ್ಕ್ಯಾನ್ ಪ್ರೋಬ್ ಅಡ್ಡಲಾಗಿಟ್ಟರೆ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ: ಎರಡು ಕಣ್ಣುಗುಳಿಗಳು ಪ್ರೋಬಿನತ್ತ ಕಂಡರೆ ಪೋಸ್ಟೀರಿಯರ್. ತಲೆ ಹಿಡಿದು ಎಳೆಯುವ ವ್ಯಾಕ್ಯೂಮ್ (ಹೀರುವ ಕಪ್ಪು), ಫೋರ್ಸೆಪ್ಸ್ (ಇಕ್ಕಳ) ಹಾಕುವ ಮುನ್ನ ಭಂಗಿಯ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಇದನ್ನು ಮಾಡಲೇಬೇಕು. 36 ವಾರಕ್ಕೆ ಇದೇ ಚಿತ್ರ ಕಂಡರೆ ಅದನ್ನು ರಿಪೋರ್ಟಿನಲ್ಲಿ ಬರೆಯುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ತಲೆ ಕೆಳಗಿದೆಯೇ, ಮಾಸು ಎಲ್ಲಿದೆ, ನೀರು ಎಷ್ಟಿದೆ, ಇಷ್ಟು ಸಾಕು.

ಲೇಬರ್_ರೂಂ_ಸಿಸ್ಟರ್

ನೋವು ಶುರುವಾದ ಮೇಲಿನ ಭಾಗ ನಾನು ಬರೆಯುತ್ತೇನೆ.

ಪೋಸ್ಟೀರಿಯರ್ ನೋವಿನ ಗುರುತು ಸೊಂಟ. ಹಿಂದಲೆ ತ್ರಿಕಾಸ್ಥಿಯನ್ನು (ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆ) ಒತ್ತುವುದರಿಂದ ನೋವು ಬಂದು ಹೋದ ಮೇಲೂ ಸೊಂಟ ಬಿಡುವುದಿಲ್ಲ. ನೀರು ಬೇಗ ಹೋಗಬಹುದು, ಯಾಕೆಂದರೆ ತಲೆ ಗರ್ಭಕೋಶದ ಬಾಯಿಗೆ ಸರಿಯಾಗಿ ಕೂತು ಮುಚ್ಚಳದಂತೆ ಬಿಗಿದಿರುವುದಿಲ್ಲ. ಅದೇ ಕಾರಣಕ್ಕೆ ಬಾಯಿಯ ಮೇಲೆ ಒತ್ತಡ ಸಮವಾಗಿ ಬೀಳದೆ ನಿಧಾನವಾಗಿ ತೆರೆಯುತ್ತದೆ. ನೋವು ಜೋಡಿಜೋಡಿಯಾಗಿ ಬಂದು ಆಮೇಲೆ ಉದ್ದ ಬಿಡುವು ಕೊಡುವುದೂ ಉಂಟು. ಸೊಂಟನೋವು ಇದ್ದವರೆಲ್ಲರ ಮಗುವೂ ಪೋಸ್ಟೀರಿಯರ್ ಅಲ್ಲ, ಅದನ್ನೂ ಬರೆಯಿರಿ.

ಮೊದಲ ಗಂಟೆಗಳಲ್ಲಿ ಶಕ್ತಿ ಉಳಿಸುವುದೇ ಕೆಲಸ. ನಿದ್ದೆ ಬಂದರೆ ಪಕ್ಕಕ್ಕೆ ಮಲಗಲಿ, ಬಿಸಿನೀರು ಸುರಿದುಕೊಳ್ಳಲಿ, ಗುಟುಕು ಗುಟುಕಾಗಿ ಕುಡಿಯಲಿ. ಎರಡು ಗಂಟೆಗೊಮ್ಮೆ ಮೂತ್ರ. ತುಂಬಿದ ಮೂತ್ರಕೋಶ ತಲೆ ಇಳಿಯುವ ದಾರಿಯಲ್ಲೇ ಕೂತಿರುತ್ತದೆ, ಮತ್ತು ತಲೆ ಒತ್ತಿದಾಗ ತುಂಬಿದ್ದು ಅವಳಿಗೆ ತಿಳಿಯುವುದೇ ಇಲ್ಲ.

ಭಂಗಿಗಳಲ್ಲಿ ಒಂದೇ ಒಂದು ಮಂತ್ರದ ಭಂಗಿ ಇಲ್ಲ. ಅಂಗಾತ ಮಲಗದಿರುವುದು, 20-30 ನಿಮಿಷಕ್ಕೊಮ್ಮೆ ಬದಲಿಸುವುದು, ಇವೆರಡೇ. ಚೆಂಡಿನ ಅಥವಾ ಮಂಚದ ತಲೆಭಾಗದ ಮೇಲೆ ಒರಗಿ ಮಂಡಿಯೂರುವುದು, ಕೈ-ಮಂಡಿಯೂರುವುದು, ನಿಂತು ಗೋಡೆಗೆ ಒರಗಿ ಸೊಂಟ ಸುತ್ತಿಸುವುದು, ಒಂದು ಕಾಲನ್ನು ಗಟ್ಟಿಯಾದ ಕುರ್ಚಿಯ ಮೇಲಿಟ್ಟು ಪಕ್ಕಕ್ಕೆ ತೂಗುವುದು. ಕೈ-ಮಂಡಿಯೂರಿದರೆ ಮಗು ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ಆದರೆ ಸೊಂಟನೋವು ಕಡಿಮೆಯಾಗುತ್ತದೆ ಎಂಬುದಕ್ಕಿದೆ. ಸೊಂಟನೋವು ಕಡಿಮೆಯಾದವಳು ಇನ್ನೂ ಎರಡು ಗಂಟೆ ತಾಳಬಲ್ಲಳು, ಮಗುವಿಗೆ ತಿರುಗಲು ಬೇಕಿರುವುದೂ ಆ ಎರಡು ಗಂಟೆಯೇ. ನೆಟ್ಟಗಿನ ಭಂಗಿಗಳಲ್ಲಿ ಮೊದಲ ಹಂತ (ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನದು) ಸರಾಸರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವಿಮರ್ಶೆಯಲ್ಲಿದೆ.

ಜೊತೆಗಿರುವವರಿಗೆ ಕೆಲಸ ಕೊಡಿ. ಅಂಗೈ ಬುಡವನ್ನು ತ್ರಿಕಾಸ್ಥಿಯ ಮೇಲಿಟ್ಟು, ನೋವು ಏರುವಾಗ ತೋಳಿನ ಬಲದಿಂದಲ್ಲ, ಮೈಭಾರದಿಂದ ಒತ್ತಬೇಕು. ನೋವು ಇಳಿದಾಗ ಬಿಡಬೇಕು. ಇಲ್ಲವೇ ಎರಡೂ ಅಂಗೈಗಳನ್ನು ಪೃಷ್ಠದ ಎರಡೂ ಕಡೆ ಇಟ್ಟು ಒಳಮೇಲಕ್ಕೆ ಅದುಮಬೇಕು. ಎಲ್ಲಿ ಒತ್ತಿದರೆ ಹಿತ ಎಂದು ಅವಳೇ ಹೇಳಲಿ, ತಲೆ ಇಳಿದಂತೆ ಆ ಜಾಗವೂ ಕೆಳಗಿಳಿಯುತ್ತದೆ. ಔಷಧಿಯಿಲ್ಲದ ಇನ್ನೊಂದು ದಾರಿ ಸ್ಟೆರೈಲ್ ವಾಟರ್ ಇಂಜೆಕ್ಷನ್: ಸೊಂಟದ ಕೆಳಭಾಗದ ನಾಲ್ಕು ಕಡೆ ಚರ್ಮದೊಳಗೆ 0.1 ಮಿ.ಲೀ. ಇಂದ 0.2 ಮಿ.ಲೀ.ನಷ್ಟು. ಅರ್ಧ ನಿಮಿಷ ಕಣಜ ಕಚ್ಚಿದಂತೆ ಉರಿಯುತ್ತದೆ. ಮೊದಲೇ ಹೇಳದಿದ್ದರೆ ಮುಂದಿನ ಚುಚ್ಚಿಗೆ ಅವಳು ಒಪ್ಪುವುದಿಲ್ಲ. ಅದಾದ ಮೇಲೆ ಒಂದೂವರೆ ಗಂಟೆಯವರೆಗೆ ಸೊಂಟ ಹಗುರ.

ಇನ್ನು, ಹೆಚ್ಚು ಹಾನಿಯಾಗುವ ಜಾಗಕ್ಕೆ ಬರುತ್ತೇನೆ. ಹಿಂದಲೆ ಮಲದ ದಾರಿಯನ್ನು ಒತ್ತುವುದರಿಂದ ಗರ್ಭಕೋಶದ ಬಾಯಿ 7-8 ಸೆಂ.ಮೀ. ತೆರೆದಾಗಲೇ "ಮುಕ್ಕಬೇಕು, ತಡೆಯಲಾಗುತ್ತಿಲ್ಲ" ಅನ್ನುತ್ತಾಳೆ. ಸುತ್ತಲಿನವರು ಹುರುಪಿನಲ್ಲಿ "ಮುಕ್ಕು, ಮುಕ್ಕು" ಅನ್ನುತ್ತಾರೆ. ಬಾಯಿ ಪೂರ್ತಿ ತೆರೆದಿರುವುದಿಲ್ಲ. ಮುಂದಿನ ಅಂಚು ತಲೆಗೂ ಪ್ಯೂಬಿಕ್ ಮೂಳೆಗೂ ನಡುವೆ ಸಿಕ್ಕಿ ಊದುತ್ತದೆ. ಊದಿದ ಅಂಚು ಬೆರಳಿಗೆ ದಪ್ಪ, ಮೆತ್ತನೆ ತುಟಿಯ ಹಾಗೆ ಸಿಗುತ್ತದೆ. 9 ಸೆಂ.ಮೀ. ಇದ್ದದ್ದು ಒಂದು ಗಂಟೆಯ ನಂತರ ಮತ್ತೆ 8 ಆದಂತೆ ತೋರುವುದು ಇದರಿಂದಲೇ. ಹಾಗಾಗಿ ಮುಕ್ಕು ಅನ್ನುವ ಮುನ್ನ ಪರೀಕ್ಷೆ. ಅಂಚು ಉಳಿದಿದ್ದರೆ ಪಕ್ಕಕ್ಕೆ ಮಲಗಿಸಿ, ಅಥವಾ ಮಂಡಿಯೂರಿ ಎದೆ ತಗ್ಗಿಸಿ ಪೃಷ್ಠ ಎತ್ತಿಸಿ. ತಲೆ ಅಂಚಿನಿಂದ ಒಂದಿಷ್ಟು ಹಿಂದೆ ಸರಿಯುತ್ತದೆ. ನೋವು ಬಂದಾಗ ಚಿಕ್ಕ ಚಿಕ್ಕ ಉಸಿರು ಬಿಡಿಸಿ, ಮೂತ್ರ ತೆಗೆಯಿರಿ, ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವುನಿವಾರಕ ಚುಚ್ಚುಮದ್ದು) ಬಯಸಿದರೆ ಅದಕ್ಕೆ ಇದು ಸರಿಯಾದ ಹೊತ್ತು. ಬೆರಳಿನಿಂದ ಅಂಚನ್ನು ಬಲವಂತವಾಗಿ ತಳ್ಳುವ ಅಭ್ಯಾಸ ಬಿಡಬೇಕು, ಹರಿದು ರಕ್ತ ಹೋಗುತ್ತದೆ.

ಬೆರಳಿಗೆ ಏನು ಸಿಗುತ್ತದೆ ಎಂಬುದು ಹೊಸ ಸಿಸ್ಟರ್‌ಗಳಿಗಾಗಿ: ಮೊದಲು ತಲೆಯ ನಡುವಿನ ಗೆರೆ ಹುಡುಕಿ, ಅದರ ಗುಂಟ ಒಂದು ತುದಿಯವರೆಗೆ ಹೋಗಿ. ಚಿಕ್ಕ ತ್ರಿಕೋನ, ಅಲ್ಲಿ ಮೂರು ಗೆರೆ ಕೂಡಿದ್ದರೆ ಅದು ಹಿಂದಿನ ನೆತ್ತಿ. ವಜ್ರದಾಕಾರದ ದೊಡ್ಡ ಮೆತ್ತನೆ ಜಾಗ, ನಾಲ್ಕು ಗೆರೆ ಕೂಡಿದ್ದರೆ ಅದು ಮುಂದಿನ ನೆತ್ತಿ. ವಜ್ರ ಪ್ಯೂಬಿಕ್ ಮೂಳೆಯ ಹಿಂದೆಯೇ ಸಿಕ್ಕಿದರೆ ಪೋಸ್ಟೀರಿಯರ್. ವಜ್ರ ಸುಲಭವಾಗಿ, ನಡುಮಧ್ಯೆ ಸಿಗುತ್ತಿದೆ ಅಂದರೆ ಗದ್ದ ಎತ್ತಿದೆ ಎಂದರ್ಥ. ಗದ್ದ ಒತ್ತಿಕೊಂಡಿರುವ ತಲೆಯಲ್ಲಿ ಬೆರಳಿಗೆ ಮೊದಲು ಸಿಗುವುದು ತ್ರಿಕೋನ. ಊತ ದಪ್ಪವಾಗಿ ಗೆರೆಗಳೇ ತಿಳಿಯದಿದ್ದರೆ ಕಿವಿ ಹುಡುಕಿ: ಕಿವಿಯ ಹಾಳೆ ಹಿಂದಲೆಯತ್ತ ಚಾಚಿರುತ್ತದೆ.

ತರಗತಿ_ಮೇಡಂ

ಸಿಸ್ಟರ್, ಡಾಕ್ಟ್ರೇ, ಇಷ್ಟು ವಿವರ ಒಂದೇ ಕಡೆ ಸಿಕ್ಕಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೊಂಬೆ-ಚೆಂಡಿನ ಪ್ರಯೋಗ ಖಂಡಿತ ಸೇರಿಸುತ್ತೇನೆ. ಇನ್ನೂ ಮೂರು: ಎಪಿಡ್ಯೂರಲ್ ಹಾಕಿಸಿಕೊಂಡರೆ ಮಗು ತಿರುಗುವುದಿಲ್ಲ ಅನ್ನುತ್ತಾರಲ್ಲ? ಪೂರ್ತಿ ತೆರೆದ ಮೇಲೂ ತಿರುಗದಿದ್ದರೆ ಮುಂದೇನು? ಬ್ರೀಚ್ (ಪೃಷ್ಠ ಅಥವಾ ಕಾಲು ಕೆಳಗಿರುವ ಮಗು) ಮತ್ತು ಅಡ್ಡ ಮಗುವಿಗೆ ಅರ್ಧ ಪುಟ ಮೀಸಲಿಟ್ಟಿದ್ದೇನೆ, ಅಲ್ಲಿ ಬಿಡಲೇಬಾರದ ವಿಷಯ ಯಾವುದು?

ಪಾರ್ಟೋಗ್ರಾಫ್

ಎಪಿಡ್ಯೂರಲ್ ಇದ್ದವರಲ್ಲಿ ಹುಟ್ಟುವಾಗ ಪೋಸ್ಟೀರಿಯರ್ ಹೆಚ್ಚು ಕಾಣುವುದು ನಿಜ. ಪೆಲ್ವಿಸ್ ತಳದ ಸ್ನಾಯು ಸಡಿಲವಾದರೆ ತಲೆಗೆ ತಿರುಗಲು ಆಸರೆ ಕಡಿಮೆ. ಇನ್ನೊಂದು ಕಡೆ, ನೋವು ಹೆಚ್ಚಿರುವ ಪೋಸ್ಟೀರಿಯರ್‌ನವರೇ ಹೆಚ್ಚಾಗಿ ಎಪಿಡ್ಯೂರಲ್ ಕೇಳುತ್ತಾರೆ ಎನ್ನುವುದನ್ನೂ ಮರೆಯಬಾರದು. ನೋವಿನಿಂದ ಸುಸ್ತಾಗಿ ಕುಸಿದವಳಿಗೆ ಇದನ್ನು ಹೇಳಿ ಬೇಡವೆನ್ನುವುದು ಸರಿಯಲ್ಲ. ಹಾಕಿದ ಮೇಲೆ ಅವಳನ್ನು ಹಾಗೇ ಅಂಗಾತ ಬಿಡುವುದು ನಮ್ಮ ತಪ್ಪು: 30ರಿಂದ 45 ನಿಮಿಷಕ್ಕೊಮ್ಮೆ ಎಡ, ಬಲ ಹೊರಳಿಸಿ, ಮಂಡಿಗಳ ನಡುವೆ ಕಡಲೆಕಾಯಿ ಆಕಾರದ ಚೆಂಡು ಅಥವಾ ದಪ್ಪ ದಿಂಬು ಇಡಿ, ಮೂತ್ರ ಕೆಥೆಟರ್‌ನಿಂದ ತೆಗೆಯಿರಿ. ಇಂಥದೇ ಪಕ್ಕಕ್ಕೆ ಮಲಗಿದರೆ ತಿರುಗುತ್ತದೆ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಬದಲಿಸುತ್ತಿರುವುದೇ ಮುಖ್ಯ.

ಎಲ್ಲಿಯವರೆಗೆ ಕಾಯುವುದು? ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸಕ್ರಿಯ ಹಂತವನ್ನು 5 ಸೆಂ.ಮೀ.ನಿಂದ ಎಣಿಸುತ್ತದೆ. ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10. ಪೂರ್ತಿ ತೆರೆದ ಮೇಲೆ ಚೊಚ್ಚಲಲ್ಲಿ 3 ಗಂಟೆ, ನಂತರದವರಲ್ಲಿ 2 ಗಂಟೆಯೊಳಗೆ ಸಾಮಾನ್ಯವಾಗಿ ಮಗು ಬರುತ್ತದೆ. ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಹಿಡಿದು ಪೋಸ್ಟೀರಿಯರ್ ಮಗುವನ್ನು ಅಳೆದರೆ ಸುಮ್ಮನೆ ಸಿಸೇರಿಯನ್ ಹೆಚ್ಚಾಗುತ್ತದೆ. ಮಗುವಿನ ಎದೆಬಡಿತ 110ರಿಂದ 160ರೊಳಗೆ ಚೆನ್ನಾಗಿದ್ದು, ತಾಯಿಗೆ ಜ್ವರವಿಲ್ಲದೆ, ನಿಧಾನವಾಗಿಯಾದರೂ ಮುಂದುವರಿಯುತ್ತಿದ್ದರೆ ಕಾಯಬಹುದು. ನೋವು 10 ನಿಮಿಷಕ್ಕೆ ಮೂರಕ್ಕಿಂತ ಕಡಿಮೆ ಬರುತ್ತಿದ್ದರೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ನೆರವಾಗುತ್ತದೆ. ಐದಕ್ಕಿಂತ ಹೆಚ್ಚಾದರೆ ಅದೇ ಡ್ರಿಪ್ ಮಗುವಿನ ಉಸಿರು ಕಟ್ಟಿಸುತ್ತದೆ. ಮೊದಲೇ ಹೆತ್ತವಳಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಏಕಾಏಕಿ ಕುಂಠಿತವಾದರೆ ಡ್ರಿಪ್‌ಗೆ ಕೈಹಾಕುವ ಮುನ್ನ ತಲೆ ಸಿಕ್ಕಿಕೊಂಡಿದೆಯೇ ಎಂದು ನೋಡಿ. ಗರ್ಭಕೋಶ ಒಡೆಯುವ ಅಪಾಯ ಅವರಲ್ಲೇ ಹೆಚ್ಚು.

ಸಿಕ್ಕಿಕೊಂಡಿದೆಯೇ ಎಂಬುದನ್ನು ಒಳಗಿನ ಬೆರಳು ಮಾತ್ರ ಹೇಳಲಾರದು, ಹೊಟ್ಟೆಯ ಮೇಲಿನ ಕೈಯೂ ಹೇಳಬೇಕು. ತಲೆಯ ಚರ್ಮ ಊದಿ, ಮೂಳೆಗಳು ಒಂದರ ಮೇಲೊಂದು ಏರಿ ತಲೆ ಉದ್ದವಾದಾಗ, ಒಳಗೆ ಬೆರಳಿಗೆ "+1ಕ್ಕೆ ಬಂದಿದೆ" (ಸ್ಪೈನ್‌ಗಳಿಗಿಂತ 1 ಸೆಂ.ಮೀ. ಕೆಳಗೆ) ಅನ್ನಿಸುತ್ತದೆ. ಅದೇ ಹೊತ್ತಿಗೆ ಪ್ಯೂಬಿಕ್ ಮೂಳೆಯ ಮೇಲೆ ತಲೆಯ ಐದರಲ್ಲಿ ಮೂರು ಭಾಗ ಇನ್ನೂ ಕೈಗೆ ಸಿಗುತ್ತಿರುತ್ತದೆ. ಇಳಿದದ್ದು ಊತ, ತಲೆಯಲ್ಲ. ಅಲ್ಲಿ ವ್ಯಾಕ್ಯೂಮ್ ಹಾಕಿದರೆ ಅನಾಹುತ. ವ್ಯಾಕ್ಯೂಮ್‌ಗೂ ಫೋರ್ಸೆಪ್ಸ್‌ಗೂ ಹೊಟ್ಟೆಯ ಮೇಲೆ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಸಿಗಬಾರದು. ಮೂತ್ರದಲ್ಲಿ ರಕ್ತ, ಒತ್ತಿದರೂ ಬಿಡದಂತೆ ಏರಿಕೊಂಡ ತಲೆಮೂಳೆಗಳು, ಹೊಟ್ಟೆಯ ಮೇಲೆ ಅಡ್ಡ ಪಟ್ಟಿ ಕಟ್ಟಿದಂತೆ ಕಾಣುವ ತಗ್ಗು: ಇವು ಕಂಡರೆ ಕಾಯುವುದು ಮುಗಿಯಿತು.

ಪೂರ್ತಿ ತೆರೆದು, ತಲೆ ಇಳಿದು, ತಿರುಗದೇ ನಿಂತಿದ್ದರೆ ಕೈಯಿಂದ ತಿರುಗಿಸಬಹುದು. ಮೂತ್ರಕೋಶ ಖಾಲಿ ಮಾಡಿ, ನೋವು ತಿಳಿಯದಂತೆ ವ್ಯವಸ್ಥೆ ಮಾಡಿ, ಬೆರಳುಗಳನ್ನು ಹಿಂದಲೆಯ ಪಕ್ಕಕ್ಕೆ ಹರಡಿ ಮೊದಲು ಗದ್ದ ಬಗ್ಗುವಂತೆ ಒತ್ತಬೇಕು. ಆಮೇಲೆ, ನೋವು ಬಂದು ಅವಳು ಮುಕ್ಕುವಾಗ, ಹತ್ತಿರದ ದಿಕ್ಕಿಗೆ ತಿರುಗಿಸಬೇಕು. ತಿರುಗಿದ ಮೇಲೆ ಒಂದೆರಡು ನೋವಿನವರೆಗೆ ಹಿಡಿದಿರಬೇಕು, ಬಿಟ್ಟರೆ ಹಿಂದಕ್ಕೇ ಹೊರಳುತ್ತದೆ. ತಲೆಯನ್ನು ಪೆಲ್ವಿಸ್‌ನಿಂದ ಮೇಲಕ್ಕೆ ತಳ್ಳಿಬಿಟ್ಟರೆ ಹೊಕ್ಕುಳಬಳ್ಳಿ ಜಾರಿ ಕೆಳಗೆ ಬರಬಹುದು, ಆದ್ದರಿಂದ ಎದೆಬಡಿತ ಕೇಳುತ್ತಲೇ ಮಾಡಬೇಕು. ವ್ಯಾಕ್ಯೂಮ್ ಆದರೆ ಕಪ್ಪಿನ ನಡುಭಾಗ ಹಿಂದಿನ ನೆತ್ತಿಗಿಂತ 3 ಸೆಂ.ಮೀ. ಮುಂದೆ, ನಡುಗೆರೆಯ ಮೇಲೆ ಕೂರಬೇಕು. ಪೋಸ್ಟೀರಿಯರ್‌ನಲ್ಲಿ ಆ ಜಾಗ ತುಂಬಾ ಹಿಂದೆ ಹೋಗಿರುತ್ತದೆ. ಸುಲಭಕ್ಕೆ ಸಿಕ್ಕ ಮುಂದಿನ ಜಾಗಕ್ಕೆ ಕಪ್ಪು ಹಾಕಿದರೆ, ಎಳೆದಷ್ಟೂ ಗದ್ದ ಎದ್ದು ಅಳತೆ ದೊಡ್ಡದಾಗುತ್ತದೆ, ಕಪ್ಪು ಕಳಚಿ ಬರುತ್ತದೆ. ಮೂರು ಎಳೆತಕ್ಕೆ ತಲೆ ಇಳಿಯದಿದ್ದರೆ ನಿಲ್ಲಿಸಬೇಕು.

ಲೇಬರ್_ರೂಂ_ಸಿಸ್ಟರ್

ಬ್ರೀಚ್ ಬಗ್ಗೆ, ಅರ್ಧ ಪುಟಕ್ಕೆ ಸಾಲುವಷ್ಟು. 28 ವಾರಕ್ಕೆ ನಾಲ್ಕೈದು ಮಕ್ಕಳಲ್ಲಿ ಒಂದು ಬ್ರೀಚ್ ಇರುತ್ತದೆ, ದಿನ ತುಂಬುವಾಗ ನೂರಕ್ಕೆ ಮೂರು-ನಾಲ್ಕು ಮಾತ್ರ. ಆದ್ದರಿಂದ 36 ವಾರಕ್ಕೆ ಮುಂಚಿನ ಬ್ರೀಚ್‌ಗೆ ಚಿಂತೆ ಬೇಡ. 36 ಆದ ಮೇಲೂ ಹಾಗೇ ಇದ್ದರೆ ಹೊಟ್ಟೆಯ ಮೇಲಿನಿಂದ ಕೈಯಿಂದ ತಿರುಗಿಸುವ ಇಸಿವಿ ಬಗ್ಗೆ ಅವಳೇ ಕೇಳಬೇಕು, ಎಷ್ಟೋ ಕಡೆ ಯಾರೂ ಹೇಳುವುದಿಲ್ಲ. ಚೊಚ್ಚಲಿಗೆ 36ರಿಂದ, ನಂತರದವರಿಗೆ 37ರಿಂದ. ಸುಮಾರು ಅರ್ಧದಷ್ಟು ಸಲ ಫಲಿಸುತ್ತದೆ, ಮೊದಲೇ ಹೆತ್ತವರಲ್ಲಿ ಹೆಚ್ಚು. ಗರ್ಭಕೋಶ ಸಡಿಲಿಸಲು ಟರ್ಬುಟಲಿನ್ 0.25 ಮಿ.ಗ್ರಾಂ ಚರ್ಮದಡಿ ಕೊಡುವುದುಂಟು. ಮುಂಚೆಯೂ ಆಮೇಲೂ ಎದೆಬಡಿತದ ಗ್ರಾಫ್, ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು (ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗಿಬೀಳದಂತೆ). ಇನ್ನೂರರಲ್ಲಿ ಒಬ್ಬರಿಗೆ ತಕ್ಷಣ ಸಿಸೇರಿಯನ್ ಬೇಕಾಗಬಹುದು, ಹಾಗಾಗಿ ಆಪರೇಷನ್ ಥಿಯೇಟರ್ ಇರುವಲ್ಲೇ ಮಾಡಬೇಕು. ಮನೆಯಲ್ಲಿ ಹೊಟ್ಟೆ ನೀವಿ ತಿರುಗಿಸುವುದು ಬೇಡವೇ ಬೇಡ. ಮಾಸು ಕೆಳಗಿದ್ದರೆ, ನೀರು ಹೋಗಿದ್ದರೆ, ರಕ್ತ ಹೋಗುತ್ತಿದ್ದರೆ ಇಸಿವಿ ಇಲ್ಲ.

ಬಿಡಲೇಬಾರದ ವಿಷಯ ಹೊಕ್ಕುಳಬಳ್ಳಿ. ಕಾಲು ಮೊದಲಿರುವ ಬ್ರೀಚ್, ಅಡ್ಡ ಮಗು, ಇನ್ನೂ ಇಳಿಯದ ತಲೆ, ಈ ಮೂರರಲ್ಲೂ ಕೆಳಗೆ ಜಾಗ ಖಾಲಿ. ನೀರು ಒಡೆದ ರಭಸಕ್ಕೆ ಬಳ್ಳಿ ಜಾರಿ ಬರುತ್ತದೆ, ಒತ್ತಿದರೆ ಮಗುವಿಗೆ ರಕ್ತ ನಿಲ್ಲುತ್ತದೆ. ನೀರು ಹೋದ ಕೂಡಲೇ ಯೋನಿಯಲ್ಲಿ ಏನೋ ಸಿಕ್ಕಿದಂತಾದರೆ ಅವಳು ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಪೃಷ್ಠ ಎತ್ತಬೇಕು. ವಾಹನದಲ್ಲಿ ಸಾಗಿಸುವಾಗ ಎಡಪಕ್ಕಕ್ಕೆ ಮಲಗಿಸಿ ಸೊಂಟದಡಿ ದಿಂಬು ಇಡಬೇಕು. ಬಳ್ಳಿಯನ್ನು ಒಳಗೆ ತುರುಕಬಾರದು, ಮುಟ್ಟಿ ಮುಟ್ಟಿ ನೋಡಬಾರದು, ಮುಟ್ಟಿದಷ್ಟೂ ಸಂಕುಚಿಸುತ್ತದೆ. ಆಸ್ಪತ್ರೆಯಲ್ಲಾದರೆ ಕೈಯಿಂದ ತಲೆಯನ್ನು ಮೇಲಕ್ಕೆ ಹಿಡಿದಿಡಬೇಕು, ಅಥವಾ ಮೂತ್ರಕೋಶಕ್ಕೆ ಕೆಥೆಟರ್ ಮೂಲಕ 500 ಮಿ.ಲೀ. ಸಲೈನ್ ತುಂಬಿಸಿ ತಲೆ ಮೇಲೇಳುವಂತೆ ಮಾಡಬೇಕು. ಹೊಟ್ಟೆ ಕೊಯ್ಯುವ ಮುನ್ನ ಅದನ್ನು ಖಾಲಿ ಮಾಡುವುದನ್ನು ಮರೆಯಬಾರದು.

ಅಡ್ಡ ಮಗು ದಿನ ತುಂಬಿದ ಮೇಲೂ ಅಡ್ಡಲೇ ಇದ್ದರೆ ನೋವು ಬರುವವರೆಗೆ ಮನೆಯಲ್ಲಿ ಕಾಯಬಾರದು. ನೋವು ಬಂದು ನೀರು ಹೋದರೆ ಭುಜ ಸಿಕ್ಕಿ, ಕೈ ಹೊರಬರುತ್ತದೆ. ಆ ಕೈ ಹಿಡಿದು ಎಳೆಯುವವರು ಇನ್ನೂ ಇದ್ದಾರೆ. ಎಳೆಯಬಾರದು.

ಸ್ಕ್ಯಾನ್_ಕೋಣೆ

ಸಿಸ್ಟರ್, ಒಂದು ಬಿಟ್ಟುಹೋಯಿತು. ಆಕಾಶ ನೋಡುತ್ತಾ ಹುಟ್ಟುವ ಮಗುವಿಗೆ ಕೊನೆಯ ಕ್ಷಣದಲ್ಲಿ ಕೈ ಹೇಗಿಡಬೇಕು? ಆಳವಾದ ಸೀಳು ಅಲ್ಲೇ ಹೆಚ್ಚು ಅಲ್ಲವೇ?

ಲೇಬರ್_ರೂಂ_ಸಿಸ್ಟರ್

ಹೌದು, 9.5ರ ಬದಲು 11.5 ದಾಟುವುದರಿಂದ, ಅದೂ ಅಗಲದ ಹಿಂದಲೆ ಪೆರಿನಿಯಂ (ಯೋನಿಗೂ ಗುದಕ್ಕೂ ನಡುವಿನ ಜಾಗ) ಮೇಲೇ ಉಜ್ಜಿಕೊಂಡು ಬರುವುದರಿಂದ, ಗುದದ್ವಾರದ ಸ್ನಾಯುವಿನವರೆಗಿನ ಸೀಳು ಹೆಚ್ಚು. ಪೂರ್ತಿ ಕೂದಲು ಕಾಣುವ ಮೊದಲೇ ಗುದದ್ವಾರ ಬಿರಿದು ನಿಲ್ಲುವುದು ಇದರ ಮುನ್ಸೂಚನೆ.

ಮುಂದಲೆ ಪ್ಯೂಬಿಕ್ ಮೂಳೆಯ ಕೆಳಗೆ ಕಂಡಾಗ ಅದನ್ನು ಹೊರಗೆ ಬಿಡಬೇಡಿ. ಬೆರಳುಗಳಿಂದ ಅದನ್ನು ಮೆತ್ತಗೆ ತಡೆದು ಗದ್ದ ಬಗ್ಗಿಯೇ ಇರುವಂತೆ ನೋಡಿಕೊಳ್ಳಿ. ಇನ್ನೊಂದು ಕೈ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೊಂದಿಗೆ, ಪೆರಿನಿಯಂಗೆ ಆಸರೆ. ಆಗ ಮುಕ್ಕುವುದು ಬೇಡ, ಊದುವಂತೆ ಉಸಿರು ಬಿಡಲಿ. ಹಿಂದಲೆ ಪೆರಿನಿಯಂ ಅಂಚನ್ನು ನಿಧಾನವಾಗಿ ದಾಟಿ ಪೂರ್ತಿ ಹೊರಬಂದ ಮೇಲೆ ತಡೆದ ಬೆರಳು ಸಡಿಲಿಸಿ. ತಲೆ ಹಿಂದಕ್ಕೆ ಬಾಗುತ್ತಾ ಹಣೆ, ಮೂಗು, ಗದ್ದ ಮೂಳೆಯ ಕೆಳಗಿನಿಂದ ತಾವಾಗಿಯೇ ಜಾರಿ ಬರುತ್ತವೆ. ಎಪಿಸಿಯಾಟಮಿ (ಪೆರಿನಿಯಂ ಕತ್ತರಿಸಿ ದಾರಿ ಅಗಲಿಸುವುದು) ಎಲ್ಲರಿಗೂ ಬೇಕಿಲ್ಲ. ಬೇಕಾದರೆ ಪೆರಿನಿಯಂ ಹಿಗ್ಗಿ ತೆಳುವಾದಾಗ, ನಡುಗೆರೆಯಿಂದ 60 ಡಿಗ್ರಿ ಓರೆಗೆ. ಮಾಸು ಬಂದ ಮೇಲೆ, ಹೊರಗೆ ಸೀಳು ಚಿಕ್ಕದಾಗಿ ಕಂಡರೂ ಗುದದೊಳಗೆ ಬೆರಳಿಟ್ಟು, ಹೆಬ್ಬೆರಳು ಹೊರಗಿಟ್ಟು, ಸ್ನಾಯುವಿನ ಉಂಗುರ ಸುತ್ತಲೂ ಸಿಗುತ್ತದೆಯೇ ಎಂದು ಒತ್ತಿ ನೋಡಿ. ಮುಂಭಾಗದಲ್ಲಿ ಆ ಉಂಗುರ ಕೈಗೆ ಸಿಗದೆ ತೆಳ್ಳಗೆನಿಸಿದರೆ ಹೊಲಿಗೆಗೆ ಕೂರುವ ಮುನ್ನ ಡಾಕ್ಟರನ್ನು ಕರೆಯಿರಿ.